ನಾಳೆ ಬನ್ನಿ, ಹೊಳೆ ರೆಡಿ ಇರುತ್ತೆ

ನನ್ನ ಸೋದರಮಾವ ಟೈಲರ್. ಊರವರು ಅವನಿಗಿಟ್ಟ ಹೆಸರು 'ನಾಳೆ ಟೈಲರ್'. ಬಟ್ಟೆ ಕೊಟ್ಟ ವಾರಕ್ಕೆ ಹೋಗಿ ಕೇಳಿದರೂ "ನಾಳೆ ಬನ್ನಿ", ಮದುವೆಯ ಹಿಂದಿನ ದಿನ ಗಂಡಿನ ಕಡೆಯವರು ದಂಡು ಕಟ್ಟಿಕೊಂಡು ಬಂದು ನಿಂತರೂ "ನಾಳೆ ಬನ್ನಿ". ಶಾಲೆ ಶುರುವಾಗುವ ಮುಂಚೆ ಕೊಟ್ಟ ಸಮವಸ್ತ್ರ ಕೈಗೆ ಬರುವ ಹೊತ್ತಿಗೆ ಮಗು ಬಟ್ಟೆಗಿಂತ ದೊಡ್ಡದಾಗಿರುತ್ತಿತ್ತು. ಆಗಲೂ ಮಾವ ಪೆಚ್ಚಾಗುತ್ತಿರಲಿಲ್ಲ. "ಅದಕ್ಕೇ ಅಲ್ವಾ ಒಳಗೆ ಬಟ್ಟೆ ಬಿಟ್ಟಿರೋದು? ಬಿಚ್ಚಿ ದೊಡ್ಡದು ಮಾಡಿಕೊಡ್ತೀನಿ. ನಾಳೆ ಬನ್ನಿ" ಎನ್ನುತ್ತಿದ್ದ.

ಆದರೂ ಜನ ಅವನ ಬಳಿಗೇ ಬರುತ್ತಿದ್ದರು, ಏಕೆಂದರೆ ಅವನು ಹೊಲಿದ ಬಟ್ಟೆ ಮೈಗೆ ಅಂಟಿಕೊಂಡ ಹಾಗೆ ಕೂರುತ್ತಿತ್ತು. ಇನ್ನೊಂದು ಗುಟ್ಟೂ ಇತ್ತು. ಅವನ ಅಂಗಡಿಯಿಂದ ಹೊರಬೀಳುವ ಪ್ರತಿಯೊಂದು ಬಟ್ಟೆಯಲ್ಲೂ ಕಾಲರಿನ ಹತ್ತಿರವೋ ಜೇಬಿನ ಮೂಲೆಯಲ್ಲೋ ಒಂದೆಳೆ ದಾರ ಜೋತುಬಿದ್ದಿರುತ್ತಿತ್ತು. ಮರೆವಿನಿಂದಲ್ಲ, ಬೇಕೆಂದೇ. "ಗಿರಾಕಿ ಬರೋದೇ ತಪ್ಪು ಹುಡುಕೋಕೆ ಕಣೇ" ಎಂದು ಒಮ್ಮೆ ನನಗೆ ಪಾಠ ಹೇಳಿದ್ದ. "ಒಂದು ತಪ್ಪು ಕೈಗೆ ಸಿಕ್ಕಿಬಿಟ್ರೆ ಪಾಪ, ಸಮಾಧಾನ ಆಗ್ತಾನೆ. ಸಿಗಲಿಲ್ಲ ಅಂತಿಟ್ಕೋ, ತೋಳು ಗಿಡ್ಡ, ಹೆಗಲು ಸಡಿಲ ಅಂತ ಇಲ್ಲದ್ದೆಲ್ಲ ಶುರು ಮಾಡ್ತಾನೆ." ಗಿರಾಕಿ ದಾರ ಹಿಡಿದು "ಏನ್ರೀ ಇದು?" ಎಂದು ಗದರುತ್ತಿದ್ದ. ಮಾವ ಕೆನ್ನೆಗೆ ಕೈಹಚ್ಚಿ "ಅಯ್ಯೋ, ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡಿ" ಎಂದು ಕತ್ತರಿಸಿ ಕೊಡುತ್ತಿದ್ದ. ಗಿರಾಕಿ ಯುದ್ಧ ಗೆದ್ದವನ ಹಾಗೆ ಮೆಟ್ಟಿಲಿಳಿದು ಹೋಗುತ್ತಿದ್ದ.

ಇಂಥ ಮನುಷ್ಯ ಪೆನ್ಸಿಲ್ ಹಿಡಿದು ಹೊಳೆಯ ಚಿತ್ರ ಬಿಡಿಸಲು ಕೂತದ್ದು ನನ್ನ ಅಮ್ಮನಿಂದಾಗಿ.

ಅಮ್ಮ ಹೊಳೆಯ ಕಡವಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ಸೇತುವೆ ಇಲ್ಲದ ಕಾಲದಲ್ಲಿ ಈ ದಡದಿಂದ ಆ ದಡಕ್ಕೆ ಹೋಗುವವರೆಲ್ಲ ಅವಳ ತಗಡಿನ ಶೆಡ್ಡಿನ ಮುಂದೆ ಸಾಲು ನಿಲ್ಲಬೇಕಿತ್ತು. "ಒಬ್ಬೊಬ್ಬರೇ ಇಳೀರಿ! ದೋಣಿ ಏನು ನಿಮ್ಮ ಮಾವನ ಮನೆ ಮಂಚಾನಾ?" ಎಂದು ಅವಳು ಕೂಗಿದರೆ ಆಚೆ ದಡದಲ್ಲಿ ನಿಂತವರೂ ಸಾಲು ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಸೇತುವೆ ಬಂತು, ದೋಣಿ ಹೋಯಿತು, ದಡಕ್ಕೆ ಕಾಂಕ್ರೀಟಿನ ಗೋಡೆ ಎದ್ದಿತು. ಅಮ್ಮ ಕೆಲಸ ಬಿಟ್ಟು ಮನೆಗೆ ಬಂದಳು. ಗಂಟಲು ಮಾತ್ರ ಅಲ್ಲಿ ಬಿಟ್ಟು ಬರಲಿಲ್ಲ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಮೂಳೆ ಕೂಡಿಕೊಂಡಿತು. ಆದರೆ ಅಮ್ಮ ಮಂಚ ಬಿಟ್ಟು ಏಳಲಿಲ್ಲ. ನಮ್ಮದು ಮಹಡಿಯ ಮೇಲಿನ ಮನೆ. ಅವಳ ಮಂಚದ ಪಕ್ಕದ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಆ ಗೋಡೆಗೊಂದು ಪೈಪು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ದಿನವೂ "ಎದ್ದೇಳಮ್ಮ, ಎದ್ದೇಳು" ಎಂದು ಗೋಗರೆಯುತ್ತಿದ್ದಳು. ಅಮ್ಮ ಅವಳಿಗೆ 'ಎದ್ದೇಳಮ್ಮ' ಎಂದೇ ಹೆಸರಿಟ್ಟಳೇ ಹೊರತು ಏಳಲಿಲ್ಲ.

ಒಂದು ದಿನ ಎದ್ದೇಳಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ನೋವಿಲ್ಲ, ಕಾಲಲ್ಲಿ ಶಕ್ತಿ ಇದೆ. ಮನಸ್ಸಿಲ್ಲ, ಅಷ್ಟೆ. ಇನ್ನೂ ಹೀಗೇ ಮಲಗಿದ್ರೆ ಕಾಲು ನಡೆಯೋದನ್ನೇ ಮರೆತುಬಿಡುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಎಂದಳು. ಔಷಧಿ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವಳು ನಾನು. ಹಾಸಿಗೆ ಹಿಡಿದವರಿಗೆ ಮನೆಯವರು ಏನೇನು ಕೊಳ್ಳಲು ಬರುತ್ತಾರೆ, ಎಂಥ ಮುಖ ಹೊತ್ತು ಬರುತ್ತಾರೆ ಎಂದು ದಿನವೂ ನೋಡುತ್ತೇನೆ.

ಆ ಸಂಜೆ ಮಾವ ಬಂದಾಗ ಅಮ್ಮನನ್ನೇ ನೇರ ಕೇಳಿದ. "ಅಕ್ಕಾ, ಯಾಕೆ ಏಳ್ತಿಲ್ಲ ನೀನು?"

"ಎದ್ದು ಏನು ನೋಡಲೋ? ಈ ಪೈಪಾ?"

ನಾನು ಫೋನಿನಲ್ಲಿ ಹೊಳೆಯ ವಿಡಿಯೋ ತೋರಿಸಿದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ಸೇತುವೆ, ಗೋಡೆ, ಕಬ್ಬಿಣದ ಬೇಲಿ ಎಲ್ಲವನ್ನೂ ಬೈದು, "ಇದು ಯಾರದ್ದೋ ಹೊಳೆ. ನಮ್ಮದಲ್ಲ" ಎಂದು ಫೋನು ವಾಪಸ್ಸು ಕೊಟ್ಟಳು. ಅವಳ ಕಾಲದ ಕಡವಿನ ಫೋಟೋ ಒಂದೂ ಇರಲಿಲ್ಲ.

"ನಾನು ಬಿಡಿಸಿ ತರ್ತೀನಿ" ಎಂದ ಮಾವ. "ಹೇಗಿತ್ತೋ ಹಾಗೇ. ನೋಡಿದ ತಕ್ಷಣ ಇದು ನಮ್ಮ ಹೊಳೆ ಅಂತ ಅನ್ನಿಸಿದ್ರೆ ಏಳ್ತೀಯಾ?"

ಅಮ್ಮನಿಗೆ ಎಷ್ಟೋ ದಿನದ ಮೇಲೆ ನಗು ಬಂತು. "ನೀನಾ? ಹೂಂ, ಏಳ್ತೀನಿ. ನಾಳೆ ತಗೊಂಡು ಬಾ" ಎಂದಳು, ನಾಳೆ ಎಂಬ ಮಾತನ್ನು ಎಳೆದು.

ಮಾವ ಅದನ್ನು ಅವಮಾನ ಎಂದುಕೊಂಡನೋ ಏನೋ, ನಿಜಕ್ಕೂ ಮರುದಿನವೇ ತಂದ. ಅಕ್ಕನ ವಿಷಯದಲ್ಲಿ ಅವನು ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದು ಅದೇ ಮೊದಲು. ಹಾಳೆಯ ತುಂಬ ಒಂದು ಆಕಾರ. ಮೇಲೆ ಕಿರಿದಾಗಿ ಶುರುವಾಗಿ ಕೆಳಗೆ ಬರುಬರುತ್ತ ಅಗಲವಾಗಿತ್ತು. ಎರಡೂ ಅಂಚಿನಿಂದ ಬೆರಳಗಲ ಬಿಟ್ಟು ಚುಕ್ಕೆ ಗೆರೆ.

ಅಮ್ಮ ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಯಾರದ್ದೋ ಇದು ಪ್ಯಾಂಟು?"

"ಪ್ಯಾಂಟಲ್ಲ, ಹೊಳೆ! ದೂರದಲ್ಲಿ ಸಣ್ಣಗೆ ಕಾಣುತ್ತೆ, ಹತ್ತಿರ ಬಂದ ಹಾಗೆ ಅಗಲ."

"ಬೆಲ್ ಬಾಟಮ್ಮು. ಈಗ ಯಾರೂ ಹಾಕಲ್ಲ. ಸರಿ, ಈ ಚುಕ್ಕೆ ಗೆರೆ?"

ಮಾವ ತಲೆ ಕೆರೆದುಕೊಂಡ. "ಎರಡೂ ಕಡೆ ಸ್ವಲ್ಪ ಬಿಟ್ಟಿದ್ದೀನಿ. ಅಗಲ ಸಾಲಲ್ಲ ಅಂದ್ರೆ ಆಮೇಲೆ..."

"ಹೊಳೇನ ಬಿಚ್ಚಿ ದೊಡ್ಡದು ಮಾಡ್ತೀಯಾ?" ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ. ಮಾವ ಹಾಳೆಯನ್ನು ಕಿತ್ತುಕೊಂಡು ಹೊರಟೇ ಹೋದ.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು. ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಬದಲು ಹಾಳೆಗಳು ಬಿದ್ದವು. ಕಿವಿಯ ಸಂದಿಯಲ್ಲಿ ಯಾವಾಗಲೂ ಇರುತ್ತಿದ್ದ ಪೆನ್ಸಿಲ್ ಈಗ ಕೈಯಿಂದ ಇಳಿಯಲೇ ಇಲ್ಲ. ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ ಅದೇ ಅಂಗಡಿಯಲ್ಲಿ ಕೂರುವ ನನ್ನ ಅತ್ತೆ ಮೊದಮೊದಲು ಸುಮ್ಮನಿದ್ದಳು. ಬ್ಯಾಂಕಿನ ಕಾವಲುಗಾರ ಹಳೇ ಸಮವಸ್ತ್ರ ಹರಿದುಹೋಗಿ, ಹೊಸದು ಸಿಗದೆ, ಬಂದೂಕು ಹಿಡಿದು, ಹೂವಿನ ಶರ್ಟು ಹಾಕಿಕೊಂಡು ಡ್ಯೂಟಿಗೆ ನಿಂತ ದಿನ ಅವಳ ತಾಳ್ಮೆಯ ಕಟ್ಟೆಯೊಡೆಯಿತು. "ರೀ, ನಿಮ್ಮ ಹೊಳೇಲಿ ನಮ್ಮ ಅಂಗಡಿ ಮುಳುಗಿ ಹೋಗ್ತಾ ಇದೆ. ಬಿಡಿಸೋದು ಬಿಡ್ತೀರೋ, ಇಲ್ಲ ನಾನೇ ಬಿಡಿಸಲೋ?"

ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆ ಕೇಳಲು ಬಂದ ಗಿರಾಕಿಗಳನ್ನೆಲ್ಲ ಕೂರಿಸಿ, ಕಡವಿನ ಹತ್ತಿರ ಬಾಗಿದ ಮರ ಎಡಗಡೆ ಇತ್ತೋ ಬಲಗಡೆಯೋ ಎಂದು ವಿಚಾರಿಸಿದ. ಒಬ್ಬ ಎಡ ಎಂದ, ಇನ್ನೊಬ್ಬ ಬಲ ಎಂದ, ಮೂರನೆಯವನು ಮರವೇ ಇರಲಿಲ್ಲ ಎಂದು ಜಗಳಕ್ಕೆ ನಿಂತ. ಬಟ್ಟೆ ಕೇಳಲು ಬಂದದ್ದು ಮೂವರಿಗೂ ಮರೆತುಹೋಯಿತು. ಇದರಿಂದ ಮಾವನಿಗೆ ಲಾಭವೇ ಆಯಿತು ಎನ್ನಬೇಕು.

ಮುಂದಿನ ಹೊಳೆಯಲ್ಲಿ ಮರವಿತ್ತು, ಶೆಡ್ಡಿತ್ತು, ಕಲ್ಲಿನ ಮೆಟ್ಟಿಲುಗಳಿದ್ದವು. ಎಲ್ಲವೂ ಚೆನ್ನಾಗಿಯೇ ಇದ್ದವು ಎಂದು ನನಗನ್ನಿಸಿತು. ಆದರೆ ನೀರು ತೋರಿಸಬೇಕಲ್ಲ ಎಂದು ಮಾವ ನಡುವಿನ ಜಾಗವನ್ನು ಗೆರೆ ಮೇಲೆ ಗೆರೆ ಎಳೆದು, ಉಜ್ಜಿ ಉಜ್ಜಿ ಕರ್ರಗೆ ಮಾಡಿದ್ದ. ಅಮ್ಮ ನೋಡಿ, "ಬಸ್ಸು ಯಾವಾಗ ಬರುತ್ತೆ?" ಎಂದಳು.

"ಯಾವ ಬಸ್ಸು?"

"ಇಷ್ಟು ಚೆನ್ನಾಗಿ ಡಾಂಬರು ಹಾಕಿದ್ದೀಯಲ್ಲ ರಸ್ತೆಗೆ."

ನೀರಿನಲ್ಲಿ ಮರದ ನೆರಳು ಬಿದ್ದರೆ ರಸ್ತೆ ಅನ್ನಿಸುವುದಿಲ್ಲ ಎಂದು ಮಾವ ಅಂಗಡಿಗೆ ಹೋಗಿ ಲೆಕ್ಕ ಹಾಕಿದ. ಮೇಲೊಂದು ಮರ, ಕೆಳಗೆ ತಲೆಕೆಳಗಾದ ಅದೇ ಮರ. ಎರಡೂ ಒಂದೇ ಸಮ ಇರಬೇಕು. ಒಂದೇ ಸಮ ಎಂದರೆ ಟೈಲರಿಗೆ ಗೊತ್ತಿರುವುದು ಒಂದೇ ದಾರಿ. ಶರ್ಟಿನ ಎರಡು ತೋಳು ಕತ್ತರಿಸುವಾಗ ಬಟ್ಟೆಯನ್ನು ಹೇಗೆ ಮಡಿಸುತ್ತಾರೋ ಹಾಗೆ ಅವನು ಹಾಳೆಯನ್ನು ದಡದ ಗುಂಟ ಮಡಿಸಿ, ಮರದ ಮೇಲೆ ಒತ್ತಿ ಉಜ್ಜಿ, ಅಚ್ಚು ಕೆಳಗಿಳಿಸಿದ. ನೆರಳೇನೋ ಬಿತ್ತು. ಹಾಳೆಯ ನಡುವೆ ಒಂದು ಮಡಿಕೆಯೂ ಬಿತ್ತು. ಮಡಿಕೆ ಬಿದ್ದರೆ ಏನು ಮಾಡಬೇಕು? ಅದೂ ಟೈಲರಿಗೆ ಗೊತ್ತು. ಹಾಳೆಯ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟ. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು, "ನಾಳೆ ಬನ್ನಿ" ಎಂದು ಹೇಳಿ ಮುಗಿಸುವಷ್ಟು ಹೊತ್ತಾಯಿತು.

ಆ ಚಿತ್ರ ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ಅಮ್ಮ ಮಂಚದಿಂದ ಕೂಗಿದಳು. "ಏನೇ ಅದು ಸೀದ ವಾಸನೆ? ಒಲೆ ಆರಿಸಿದ್ದೀಯಾ?"

ಆವತ್ತು ಮಾವ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು, "ನನ್ನ ಕೈಲಿ ಆಗಲ್ಲ ಕಣೇ" ಎಂದ. "ಬಟ್ಟೆ ಆದ್ರೆ ಕೈಯಲ್ಲಿ ಹಿಡೀಬಹುದು. ನೀರನ್ನ ಹೇಗೆ ಹಿಡಿಯೋದು? ಅವಳು ನಗ್ತಾಳೆ ಅಂತ ಬೇಜಾರಿಲ್ಲ. ನಗ್ತಾ ನಗ್ತಾ ಮತ್ತೆ ಗೋಡೆ ಕಡೆ ತಿರುಗ್ತಾಳಲ್ಲ, ಅದನ್ನ ನೋಡೋಕಾಗಲ್ಲ." ನನಗೂ ಅಳು ಬಂತು. ಸೀದ ಹೊಳೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತೆವು.

ಡ್ರಾಯಿಂಗ್ ಮೇಷ್ಟ್ರು ಸಿಕ್ಕಿದ್ದು ಆಮೇಲೆ. ಅವರು ನಿವೃತ್ತರಾದ ಮೇಲೆ ಹೊಟ್ಟೆ ಬೆಳೆದು, ಪ್ಯಾಂಟುಗಳ ಸೊಂಟ ಸಡಿಲಿಸಲು ಮಾವನಿಗೆ ಕೊಟ್ಟು ಯಾವ ಕಾಲವಾಗಿತ್ತೋ. ಇದ್ದಬದ್ದ ಪ್ಯಾಂಟುಗಳೆಲ್ಲ ಅಂಗಡಿಯಲ್ಲೇ ಉಳಿದು, ಅವರು ಲುಂಗಿ ಉಟ್ಟುಕೊಂಡೇ ಊರೆಲ್ಲ ಓಡಾಡುತ್ತಿದ್ದರು. ಆ ದಿನ ನಾನೂ ಅಂಗಡಿಯಲ್ಲಿದ್ದೆ. ಮೇಷ್ಟ್ರು ಉರಿದುಬಿದ್ದು ಒಳಗೆ ಬಂದವರು ಗೋಡೆಗೆ ಅಂಟಿಸಿದ್ದ ಹೊಳೆಗಳನ್ನು ನೋಡಿ ನಿಂತುಬಿಟ್ಟರು.

"ಯಾರ್ರೀ ಮಾಡಿದ್ದು ಈ ಪಾಪಾನ?"

"ನಾನೇ ಮೇಷ್ಟ್ರೇ. ನೀರು ಸರಿ ಬರ್ತಾ ಇಲ್ಲ. ಹೇಗೆ ಬಿಡಿಸೋದು ಹೇಳಿ."

"ಮೊದಲು ನನ್ನ ಪ್ಯಾಂಟು ಕೊಡಿ."

ಮಾವ ಗಂಟನ್ನು ತೆಗೆದು ಎದೆಗೆ ಅವಚಿಕೊಂಡ. "ಕೋಪ ಮಾಡ್ಕೋಬೇಡಿ. ಹೊಳೆ ಸರಿಯಾಗೋವರೆಗೂ ಇದು ಸಿಗಲ್ಲ."

ಅತ್ತೆ ತಲೆಯ ಮೇಲೆ ಕೈಹೊತ್ತು ಕೂತಳು. ಮೇಷ್ಟ್ರು ಗಂಟನ್ನು ನೋಡಿದರು, ಮಾವನ ಮುಖ ನೋಡಿದರು. ಅದರಲ್ಲಿ ಏನು ಕಂಡಿತೋ, ಲುಂಗಿ ಎತ್ತಿ ಕಟ್ಟಿ ಸ್ಟೂಲಿನ ಮೇಲೆ ಕೂತರು. "ನೀರನ್ನ ಬಿಡಿಸೋಕೆ ಹೋಗಿದ್ದೀರಲ್ಲ, ಅದೇ ತಪ್ಪು. ನೀರನ್ನ ಬಿಡಿಸಬಾರದು, ಬಿಡಬೇಕು. ದಡ ಬಿಡಿಸಿ, ಮರ ಬಿಡಿಸಿ, ನೆರಳು ಎಲ್ಲಿ ಕದಲುತ್ತೋ ಅಲ್ಲೊಂದು ಇಲ್ಲೊಂದು ಗೆರೆ ಎಳೀರಿ. ಮಿಕ್ಕಿದ್ದು ಬಿಳೀ ಹಾಳೆ. ಹಾಗೇ ಬಿಟ್ಟುಬಿಡಿ. ನೋಡೋರ ಕಣ್ಣೇ ಅಲ್ಲಿ ನೀರು ತುಂಬ್ಕೊಳ್ಳುತ್ತೆ."

ಮಾವ ಬೆಪ್ಪಾಗಿ ನಿಂತ. ಆಮೇಲೆ ಅವನ ಮುಖ ನಿಧಾನವಾಗಿ ಅರಳಿತು. "ಅಂದ್ರೆ, ಒಳಗೆ ಬಟ್ಟೆ ಬಿಟ್ಟ ಹಾಗೆ! ಹೊಲಿಗೇಲಿ ಕಾಣಬಾರದು, ಆದ್ರೆ ಇರಬೇಕು!"

"ಹೂಂ, ಹಾಗೇ ಅನ್ಕೊಳ್ಳಿ. ಪ್ಯಾಂಟು?"

"ನಾಳೆ ಬನ್ನಿ" ಎಂದ ಮಾವ, ಆಗಲೇ ಹಾಳೆಯ ಕಡೆ ತಿರುಗಿ.

ಈ ಸಲ ಅವನು ಅವಸರ ಮಾಡಲಿಲ್ಲ. ಮೇಷ್ಟ್ರು ಪ್ಯಾಂಟಿನ ಆಸೆಗೆ ದಿನವೂ ಬಂದರು, ಬಂದಾಗೆಲ್ಲ ಒಂದೊಂದು ತಪ್ಪು ತಿದ್ದಿ ಬೈದು ಹೋದರು. ಅತ್ತೆ ಕೂಡ ಸೂಜಿ ಬದಿಗಿಟ್ಟು ಬಂದು, "ಶೆಡ್ಡಿನ ತಗಡು ಒಂದು ಮೂಲೇಲಿ ಸೊಟ್ಟಗಿತ್ತು, ಮರೆತ್ರಾ? ನಿಮ್ಮ ಅಕ್ಕ ಗಾಳಿ ಬಂದಾಗೆಲ್ಲ ಅದನ್ನ ಬೈತಿದ್ರು" ಎಂದು ಜ್ಞಾಪಿಸಿದಳು. ತಗಡು ಸೊಟ್ಟಗಾಯಿತು. ಮರ ಬಾಗಿತು. ಮೆಟ್ಟಿಲು ಸವೆಯಿತು.

ಕೊನೆಗೊಂದು ಬೆಳಿಗ್ಗೆ ಮಾವ ಹಾಳೆಯನ್ನು ಸುರುಳಿ ಸುತ್ತಿ ತಂದ. ಹಿಂದೆಲ್ಲ ಚಿತ್ರವನ್ನು ಅಮ್ಮನ ಕೈಗೇ ಕೊಡುತ್ತಿದ್ದ. ಆವತ್ತು ಮಾತ್ರ ಮಂಚಕ್ಕೆ ಎದುರಿನ ಗೋಡೆಗೆ, ಕೋಣೆಯ ಆ ತುದಿಯಲ್ಲಿ, ಗುಂಡುಪಿನ್ನು ಚುಚ್ಚಿ ಹಚ್ಚಿದ. ಎದ್ದೇಳಮ್ಮನೂ ಆಗಷ್ಟೇ ಬಂದಿದ್ದಳು.

ಅಮ್ಮ ಕನ್ನಡಕ ಹಾಕಿಕೊಂಡಳು. ಪ್ಯಾಂಟು ಎನ್ನಲಿಲ್ಲ. ರಸ್ತೆ ಎನ್ನಲಿಲ್ಲ. ಅವಳು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ನನ್ನ ಜನ್ಮದಲ್ಲಿ ನಾನು ನೋಡಿರಲಿಲ್ಲ.

"ತಗಡು ಇನ್ನೂ ಹಾಗೇ ಇದೆ ನೋಡು, ದರಿದ್ರದ್ದು" ಎಂದಳು ಮೆಲ್ಲಗೆ. ಅವಳ ಕಣ್ಣು ಮೆಟ್ಟಿಲಿಳಿದು ಕೆಳಗೆ ಬಂದು ಒಂದು ಕಡೆ ನಿಂತಿತು. ಹುಬ್ಬು ಗಂಟಿಕ್ಕಿತು.

"ಏನೋ ಇದು? ದೋಣೀನ ಕೆಳಗಿನ ಗೂಟಕ್ಕೆ ಕಟ್ಟಿದ್ದೀಯಲ್ಲೋ!"

"ಹೌದಾ? ಎಲ್ಲಿ?" ಎಂದ ಮಾವ.

"ಅಲ್ಲೇ, ಮೆಟ್ಟಿಲ ಪಕ್ಕ!"

"ಯಾವ ಮೆಟ್ಟಿಲು ಅಕ್ಕಾ? ಗೊತ್ತಾಗ್ತಿಲ್ಲ."

"ನಿನ್ನ ಕಣ್ಣಿಗೇನಾಗಿದೆಯೋ, ಅಲ್ಲೇ!" ಹೊದಿಕೆ ಪಕ್ಕಕ್ಕೆ ಹಾರಿತು. ಅಮ್ಮ ಕಾಲು ಕೆಳಗಿಟ್ಟಳು. ಮಂಚದ ಕಂಬ ಹಿಡಿದು ಎದ್ದಳು. ನಾನು ಅವಳನ್ನು ಹಿಡಿಯಲು ನುಗ್ಗಿದೆ, ಎದ್ದೇಳಮ್ಮ ನನ್ನ ರಟ್ಟೆ ಹಿಡಿದು ಎಳೆದಳು. ಅಮ್ಮ ಕುರ್ಚಿಯ ಬೆನ್ನು ಹಿಡಿದಳು, ಅದನ್ನು ಬಿಟ್ಟು ಬೀರು ಹಿಡಿದಳು, ಅದನ್ನೂ ಬಿಟ್ಟು ಗೋಡೆಯ ಹತ್ತಿರ ಹೋಗಿ ಚಿತ್ರದ ಮೇಲೆ ಬೆರಳು ಕುಟ್ಟಿದಳು. ಬಾಯಿ ಮಾತ್ರ ಉದ್ದಕ್ಕೂ ನಿಲ್ಲಲಿಲ್ಲ.

"ಇದು ಕೆಳಗಿನ ಗೂಟ! ಇಲ್ಲಿ ಯಾರಾದ್ರೂ ದೋಣಿ ಕಟ್ತಾರೇನೋ? ಆ ಅಂಬಿಗನಿಗೆ ಬಡಕೊಂಡು ಬಡಕೊಂಡು ಸಾಕಾಗಿತ್ತು ನನಗೆ. ಇಲ್ಲಿ ಸೆಳೆತ ಇದೆ. ಇಲ್ಲಿ ನೋಡು, ಇಲ್ಲಿ! ಹೇಗೆ ಎಳೀತಿದೆ ಕಾಣಿಸಲ್ವಾ?"

ಅವಳ ಬೆರಳು ಇದ್ದ ಕಡೆ ಪೆನ್ಸಿಲಿನ ಒಂದು ಗೆರೆಯೂ ಇರಲಿಲ್ಲ. ಬರೀ ಬಿಳೀ ಹಾಳೆ ಇತ್ತು.

ಎದ್ದೇಳಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಅದನ್ನು ನೋಡಿದ ಮೇಲೆ ಅಮ್ಮನಿಗೆ ತಾನು ನಿಂತಿರುವುದು ಅರಿವಿಗೆ ಬಂತು. ಹಿಂದೆ ತಿರುಗಿ ದೂರದ ಮಂಚವನ್ನು ನೋಡಿದಳು, ತನ್ನ ಕಾಲು ನೋಡಿಕೊಂಡಳು, ತಮ್ಮನನ್ನು ನೋಡಿದಳು. ಸೋತೆ ಎನ್ನುವ ಜಾಯಮಾನ ಅವಳದಲ್ಲ.

"ಸುಮ್ಮನೆ ನಿಂತಿದ್ದೀಯಲ್ಲ, ಸರಿಮಾಡು. ದೋಣಿ ಬಿಚ್ಚಿ ಮೇಲಿನ ಗೂಟಕ್ಕೆ ಕಟ್ಟು" ಎಂದಳು.

ಮಾವ ಕೆನ್ನೆಗೆ ಕೈಹಚ್ಚಿದ. "ಅಯ್ಯೋ, ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡು."

ಆ ಮಾತು ಕೇಳಿದ್ದೇ ನನಗೆ ಥಟ್ಟನೆ ಹೊಳೆಯಿತು. ಕಾಲರಿನ ಹತ್ತಿರ ಬಿಟ್ಟ ಒಂದೆಳೆ ದಾರ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಗುಂಡುಪಿನ್ನು ಕಿತ್ತು, ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಇಲ್ಲಿ ಆಗಲ್ಲ ಅಕ್ಕಾ. ಪೆನ್ಸಿಲು, ರಬ್ಬರು ಎಲ್ಲ ಅಂಗಡೀಲಿದೆ."

"ಮತ್ತೆ?"

"ನಾಳೆ ಬಾ" ಎಂದ ಮಾವ.

ಅಮ್ಮ ಅವನ ಮೇಲೆ ಕಣ್ಣು ಕೆಕ್ಕರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಚಪ್ಪಲಿ ಎಲ್ಲಿಟ್ಟಿದ್ದೀಯೇ?" ಎಂದಳು.

ಮರುದಿನ ಮಹಡಿಯ ಮೆಟ್ಟಿಲನ್ನು ಕೂತು ಕೂತು ಇಳಿದದ್ದಾಯಿತು. ಒಂದು ಕಡೆ ನಾನು, ಒಂದು ಕಡೆ ಎದ್ದೇಳಮ್ಮ. ಪಕ್ಕದ ಬೀದಿಯ ಅಂಗಡಿ ತಲುಪುವ ಹೊತ್ತಿಗೆ ಅಮ್ಮನ ಮುಖ ಬೆವರಿ ಕೆಂಪಾಗಿತ್ತು. ಮೇಷ್ಟ್ರಿಗೆ ಪ್ಯಾಂಟುಗಳು ಕೊನೆಗೂ ಸಿಕ್ಕಿದ್ದೂ ಅದೇ ದಿನ. ಒಂದರಲ್ಲೂ ಒಂದೆಳೆ ದಾರ ಜೋತುಬಿದ್ದಿರಲಿಲ್ಲ. ಮೇಷ್ಟ್ರು ಅನುಮಾನದಿಂದ ಒಳಗೂ ಹೊರಗೂ ತಿರುಗಿಸಿ ಹುಡುಕಿದರು. ಏನೂ ಸಿಗದೆ, ಬಲಗಾಲು ಗಿಡ್ಡವಾಗಿದೆ ಎಂದು ಜಗಳ ತೆಗೆದರು.

ಚಿತ್ರ ಈಗ ಅಂಗಡಿಯ ಗೋಡೆಯಲ್ಲೇ ಇದೆ. ದೋಣಿ ಇವತ್ತಿಗೂ ಕೆಳಗಿನ ಗೂಟದಲ್ಲೇ ಇದೆ. ಅಮ್ಮ ಕೋಲು ಊರಿಕೊಂಡು ದಿನವೂ ಹೋಗಿ ಬಾಯಿಗೆ ಬಂದ ಹಾಗೆ ಬೈದು, ನಾಳೆಯ ವಾಯಿದೆ ಪಡೆದು, ಮಧ್ಯಾಹ್ನದ ಊಟಕ್ಕೆ ನಡೆದುಕೊಂಡು ಮನೆಗೆ ಬರುತ್ತಾಳೆ.